ಪ್ರಾಗ್‌ನಲ್ಲಿ ಪಂಚಾಂಗ

ಷೆಂಗೆನ್ ವೀಸಾದಲ್ಲಿ ಬರುವ ಹಿರಿಯರಿಗೆ ಸಿಗುವುದು 90 ದಿನ. ನಮ್ಮ ಮ್ಯೂನಿಕ್ ಕನ್ನಡಿಗರು ಅದನ್ನು ಹಂಚುವ ಕ್ರಮ ಬಹುತೇಕ ಒಂದೇ: ಸ್ವಿಟ್ಜರ್ಲೆಂಡಿನಲ್ಲಿ ಹಿಮ, ಪ್ಯಾರಿಸ್ಸಿನಲ್ಲಿ ಐಫೆಲ್ ಟವರ್, ಉಳಿದದ್ದೆಲ್ಲ ಮೊಮ್ಮಕ್ಕಳ ಜೊತೆ. ಪ್ರಾಗ್ ಮಾತ್ರ ನಾವು ನಮಗೇ ಅಂತ ಎತ್ತಿಟ್ಟುಕೊಂಡ ಊರು. ಹಗಲು ಅತ್ತೆ–ಮಾವನಿಗೆ ಕೋಟೆ ಕೊತ್ತಲ ತೋರಿಸಿ, ರಾತ್ರಿ ಮಗಳನ್ನು ಅವರಿಗೆ ಒಪ್ಪಿಸಿ ನಾವಿಬ್ಬರೂ ಊರು ಸುತ್ತುವುದು. ಹೀಗೆಂದು ಪ್ಲಾನು ಹಾಕಿದವಳು ನನ್ನ ಹೆಂಡತಿ.

ಮಾವನವರು ಪಿಡಬ್ಲ್ಯುಡಿಯಲ್ಲಿ ಎಂಜಿನಿಯರಾಗಿ ರಿಟೈರಾದವರು. ಕೋಟೆಯೊಳಗಿನ ಸೇಂಟ್ ವೈಟಸ್ ಕೆಥೆಡ್ರಲ್ಲಿಗೆ ಶಂಕುಸ್ಥಾಪನೆ ಆದದ್ದು 1344ರಲ್ಲಿ, ಕೆಲಸ ಮುಗಿದದ್ದು 1929ರಲ್ಲಿ ಎಂದು ಕೇಳಿದ್ದೇ ತಡ, ಅವರ ಮುಖ ಅರಳಿತು. “ನೋಡಿದ್ರಾ ಅಳಿಯಂದಿರೇ, ನಾನು ಒಂದು ಮೋರಿಗೆ ಮೂರು ವರ್ಷ ತಗೊಂಡೆ ಅಂತ ಪೇಪರಲ್ಲಿ ಹಾಕಿದ್ರು!” ಆಮೇಲೆ ಅವರು ಚರ್ಚಿನ ಒಂದೊಂದು ಕಂಬವನ್ನೂ ಸಹೋದ್ಯೋಗಿಯನ್ನು ಮಾತಾಡಿಸುವ ಅಕ್ಕರೆಯಿಂದ ತಟ್ಟಿ ನೋಡಿದರು.

ಅವರು ಪೂರ್ತಿ ಶರಣಾದದ್ದು ಚಾರ್ಲ್ಸ್ ಸೇತುವೆಯ ಮುಂದೆ. ವ್ಲ್ಟಾವಾ ನದಿಯ ಹಳೆಯ ಸೇತುವೆ 1342ರ ಪ್ರವಾಹಕ್ಕೆ ಸಿಕ್ಕಿ ಹಾಳಾಯಿತು. ಹೊಸದಕ್ಕೆ ನಾಲ್ಕನೆಯ ಚಾರ್ಲ್ಸ್ ದೊರೆ ಜೋಯಿಸರನ್ನು ಕೇಳಿ 1357ನೇ ಇಸವಿ, 9ನೇ ತಾರೀಖು, 7ನೇ ತಿಂಗಳು, ಬೆಳಗಿನ 5 ಗಂಟೆ 31 ನಿಮಿಷಕ್ಕೆ ಮೊದಲ ಕಲ್ಲಿಟ್ಟನೆಂದು ಇಲ್ಲಿನವರು ಹೇಳುತ್ತಾರೆ. ಸಾಲಾಗಿ ಬರೆದರೆ ಬೆಸಸಂಖ್ಯೆಗಳು ಒಂಬತ್ತರವರೆಗೆ ಹತ್ತಿ ಮತ್ತೆ ಒಂದಕ್ಕೆ ಇಳಿಯುತ್ತವೆ. “ಹದಿನಾರು ಕಮಾನು ಸುಮ್ಮನೆ ನಿಂತಿದೆಯೇ? ಮುಹೂರ್ತ!” ಎಂದರು ಮಾವನವರು. 1890ರ ನೆರೆಯಲ್ಲಿ ಕೆಲವು ಕಮಾನು ಕುಸಿದಿದ್ದವು ಎಂದು ನಾನು ಬಾಯಿ ಬಿಟ್ಟೆ. “ಅದು ಮೇಂಟೆನೆನ್ಸ್ ಸೆಕ್ಷನ್ನಿನ ತಪ್ಪು” ಎಂದು ಫೈಲು ಮುಚ್ಚಿದರು.

ಅಷ್ಟರಲ್ಲಿ ಮಗಳು ಎಲ್ಲೋ ಓದಿದ್ದನ್ನು ಒದರಿದಳು. ಗಾರೆ ಗಟ್ಟಿಯಾಗಲೆಂದು ಅದಕ್ಕೆ ಮೊಟ್ಟೆ ಬೆರೆಸಿದರಂತೆ. ನಾಡಿನ ಊರೂರಿಂದ ಮೊಟ್ಟೆ ತರಿಸಿದರಂತೆ. ವೆಲ್ವಾರಿ ಎಂಬ ಊರಿನವರು ದಾರಿಯಲ್ಲಿ ಒಡೆದೀತೆಂದು ಬೇಯಿಸಿಯೇ ಕಳಿಸಿದರಂತೆ. ನಡುಸೇತುವೆಯಲ್ಲಿದ್ದ ಅತ್ತೆಯವರು ಎತ್ತಿದ ಕಾಲನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತರು. ಕೇಕಿನ ಪೊಟ್ಟಣದ ಸಣ್ಣಕ್ಷರವನ್ನೂ ಭೂತಗನ್ನಡಿ ಹಿಡಿದು ಓದುವವರು ಅವರು. ಹಿಂದೆ ಹೋಗಲೂ ಮೊಟ್ಟೆ, ಮುಂದೆ ಹೋಗಲೂ ಮೊಟ್ಟೆ. ಕೊನೆಗೆ ತಾವೇ ತೀರ್ಪು ಕೊಟ್ಟುಕೊಂಡರು: “ಆರುನೂರು ವರ್ಷದ ಮಳೆಗೆ ತೊಳೆದು ಹೋಗಿರತ್ತೆ. ಅಲ್ಲದೆ ತುಳಿಯೋದು ಬೇರೆ, ತಿನ್ನೋದು ಬೇರೆ.”

ಹಳೇಪೇಟೆಯ ಚೌಕದಲ್ಲಿ 1410ರ ಖಗೋಳ ಗಡಿಯಾರವಿದೆ. ಗಂಟೆಗೊಮ್ಮೆ ಅಸ್ಥಿಪಂಜರವೊಂದು ಹಗ್ಗ ಜಗ್ಗಿ ಗಂಟೆ ಬಾರಿಸುತ್ತದೆ, ಪಕ್ಕದ ಬೊಂಬೆಗಳು ಬರಲಾರೆವೆಂದು ತಲೆಯಾಡಿಸುತ್ತವೆ. “ಬರಲ್ಲ ಅಂದ್ರೆ ಯಮ ಬಿಡ್ತಾನ?” ಎಂದರು ಅತ್ತೆ. ಮಾವನವರ ಕಣ್ಣು ರಾಶಿಚಕ್ರದ ಮೇಲಿತ್ತು. ಮೇ ಮೊದಲ ವಾರ. ಗಡಿಯಾರದಲ್ಲಿ ಸೂರ್ಯ ವೃಷಭಕ್ಕೆ ಬಂದಾಗಿದೆ, ಅವರ ಕೈಚೀಲದ ಒಂಟಿಕೊಪ್ಪಲ್ ಪಂಚಾಂಗದಲ್ಲಿ ಇನ್ನೂ ಮೇಷ. “ಅಯನಾಂಶ ಕಳೆದಿಲ್ಲ. 24 ಡಿಗ್ರಿ ಮುಂದಿದೆ. ಯಾರಿಗಾದರೂ ಹೇಳಬೇಕಲ್ಲ?” ಹೇಳಲು ಆಫೀಸು ಮುಚ್ಚಿತ್ತು, ನಾವು ಬದುಕಿದೆವು.

ರಾತ್ರಿಯ ಪ್ಲಾನು ಮುರಿದದ್ದು ಒಂದೇ ವಾಕ್ಯಕ್ಕೆ. “ಇಷ್ಟು ದೂರ ಬಂದು ರೂಮಲ್ಲಿ ಕೂರೋದಾ? ನಾವೂ ಬರ್ತೀವಿ” ಎಂದರು ಅತ್ತೆ. ಹಳೆಯ ಪಬ್ಬೊಂದರಲ್ಲಿ ಕೂತೆವು. ಲೋಟ ಖಾಲಿಯಾದರೆ ಕೇಳದೆಯೇ ಇನ್ನೊಂದು ಬಿಯರ್ ತಂದಿಟ್ಟು, ಚೀಟಿಯಲ್ಲಿ ಗೀಟೆಳೆದು ಹೋಗುವುದು ಇಲ್ಲಿನ ಹಳೇ ಪಬ್ಬುಗಳ ಪದ್ಧತಿ. ಸಾಕೆಂದರೆ ಲೋಟದ ಮೇಲೆ ರಟ್ಟಿನ ಬಿಲ್ಲೆ ಮುಚ್ಚಬೇಕು. ನಮ್ಮ ಮದುವೆಮನೆಯಲ್ಲಿ ಹೋಳಿಗೆ ಬಡಿಸುವವನ ಎದುರು ಎಲೆಗೆ ಅಡ್ಡ ಕೈ ಹಿಡಿದ ಹಾಗೆ. ಅತ್ತೆ ಅದನ್ನು ತಕ್ಷಣ ಹಿಡಿದರು: ಅಳಿಯನ ಲೋಟ ಅರ್ಧ ಇಳಿದಿತ್ತೋ ಇಲ್ಲವೋ, ಬಿಲ್ಲೆ ಅವರೇ ಮುಚ್ಚಿದರು. ತಮಗೆ ಕರಿದ ಚೀಸು ಬೇಡವೆಂದರು, ಮೇಲಿನ ಲೇಪದಲ್ಲಿ ಮೊಟ್ಟೆಯಿದೆಯೆಂದು. ಬೇಯಿಸಿದ ಆಲೂಗಡ್ಡೆಗೆ ಚೀಲದಿಂದ ಚಟ್ನಿಪುಡಿ ಬಿತ್ತು.

ಪಬ್ಬಿಂದ ಪಬ್ಬಿಗೆ ಗುಂಪು ಕರೆದೊಯ್ಯುವ ಟೂರುಗಳನ್ನು ರಾತ್ರಿ ಹತ್ತರ ಮೇಲೆ ನಡೆಸಬಾರದೆಂದು ನಗರಾಡಳಿತ 2024ರಲ್ಲಿ ನಿಷೇಧಿಸಿದೆ. ಹತ್ತೂವರೆಗೆ ನಾವು ಹೊರಟ ಮೆರವಣಿಗೆ ಹೀಗಿತ್ತು: ಮುಂದೆ ಕೊಡೆ ಎತ್ತಿ ಹಿಡಿದ ಮಾವನವರು, ಹಿಂದೆ ನಾವೆಲ್ಲ, ಕಂಡ ಪಬ್ಬಿಗೆಲ್ಲ ನುಗ್ಗಿ ಹೊರಬರುವ ಅತ್ತೆಯವರು. ಅವರ ಶೋಧ ಬಾತ್‌ರೂಮಿನದು ಎಂದು ಪೊಲೀಸರಿಗೆ ಯಾವ ಭಾಷೆಯಲ್ಲಿ ಹೇಳುವುದೆಂಬುದೊಂದೇ ನನ್ನ ಚಿಂತೆ.

ಮಧ್ಯರಾತ್ರಿಯ ಟ್ರಾಮಿನಲ್ಲಿ ನನ್ನವಳು ಮಗಳ ಹೆಗಲಿಗೊರಗಿ ನಿದ್ದೆಹೋದಳು. ಎದುರಿಗೆ, ಮದುವೆಗೆ ಮುಂಚಿನ ಮೋಜಿಗೆಂದು ಇಂಗ್ಲೆಂಡಿನಿಂದ ಬಂದ ಗೆಳೆಯರ ಗುಂಪು. ಮದುಮಗನ ತಲೆಗೆ ಮೊಲದ ಕಿವಿ. “ಮುಹೂರ್ತ ಎಷ್ಟೊತ್ತಿಗೆ?” ಎಂದು ಮಾವನವರು ಇಂಗ್ಲಿಷಿನಲ್ಲಿ ವಿಚಾರಿಸಿದರು. ಶನಿವಾರ ಮಧ್ಯಾಹ್ನ ಎರಡಕ್ಕಂತೆ. ಪಂಚಾಂಗ ಹೊರಬಂತು. ಶನಿವಾರ ಒಂದೂವರೆಯಿಂದ ಮೂರು ಯಮಗಂಡಕಾಲ! ಮೂರೂವರೆಗೆ ಮುಂದೂಡಲು ಆತ ಎದೆಮುಟ್ಟಿ ಒಪ್ಪಿದ. ಅಷ್ಟರಲ್ಲಿ ಟ್ರಾಮು ಗಕ್ಕನೆ ನಿಂತು, ಹುಡುಗ ಸೀದಾ ಮಾವನವರ ಕಾಲ ಬಳಿ ಬಿದ್ದ.

“ಎಂಥ ಸಂಸ್ಕಾರ ನೋಡ್ರೀ, ಈ ಕಾಲದಲ್ಲೂ!” ಎಂದ ಅತ್ತೆ, ಮೊಲದ ಕಿವಿಗಳ ನಡುವೆ ಕೈಯಿಟ್ಟು ಆಶೀರ್ವಾದ ಮಾಡಿದರು.