ಗಾಡಿ ಎಳೀತಿಲ್ಲ

ಡೀಸೆಲ್ ಗಾಡಿಯಲ್ಲಿ ಹೆಸರು ಮಾಡುವುದು ದೊಡ್ಡ ಪಂಪು, ಮಾನ ಕಳೆಯುವುದು ಸಣ್ಣ ಪಂಪು. ಫೀಡ್ ಪಂಪ್ ಎಂಬ ಈ ಸಣ್ಣದು ಟ್ಯಾಂಕಿನಿಂದ ಡೀಸೆಲ್ ಎಳೆದು, ಫಿಲ್ಟರ್ ದಾಟಿಸಿ, ದೊಡ್ಡದರ ಬಾಯಿಗೆ ಇಡುತ್ತದೆ. ಅದರ ಒತ್ತಡ ಹಳೇ ಕಾಲದ ಎಂಜಿನ್ನುಗಳಲ್ಲಿ ಹೆಚ್ಚೆಂದರೆ 1.5 ಬಾರ್ ಆಸುಪಾಸು, ಕಾರಿನ ಟಯರಿಗೆ ಹೊಡೆಸುವ ಗಾಳಿಗಿಂತಲೂ ಕಡಿಮೆ. ಅದೇ ಡೀಸೆಲನ್ನು ದೊಡ್ಡ ಪಂಪು ಹಿಂಡಿ, ಸುಮಾರು 200 ಬಾರ್‌ಗೆ ಏರಿಸಿ ನಾಝಲ್ ತೆರೆಸುತ್ತದೆ. ಇಷ್ಟು ದೊಡ್ಡ ದರ್ಬಾರು ನಡೆಯುವುದು ಅಷ್ಟು ಸಣ್ಣ ಚಾಕರಿಯ ಮೇಲೆ ಎಂಬುದು ನಮ್ಮ ಚಿಕ್ಕಪ್ಪನ ಪಿಕಪ್ ಕೆಡುವವರೆಗೂ ನನಗೆ ಗೊತ್ತಿರಲಿಲ್ಲ.

ತೀರ್ಥಹಳ್ಳಿ ಕಡೆಯ ಆ ಗಾಡಿ ಅಡಿಕೆ, ಗೊಬ್ಬರ, ಮದುವೆ ಮನೆಯ ಹಂಡೆ ಕಡಾಯಿ, ಒಮ್ಮೊಮ್ಮೆ ದಿಬ್ಬಣವನ್ನೂ ಹೊತ್ತು ಹಣ್ಣಾದದ್ದು. ಸಮತಟ್ಟು ರಸ್ತೆಯಲ್ಲಿ ಅದರದು ಒಳ್ಳೆಯ ನಡತೆಯೇ. ಘಟ್ಟದ ಕೆಳಗಿನಿಂದ ತೆಂಗಿನಕಾಯಿ, ಒಣಮೀನು ತುಂಬಿಕೊಂಡು ಸೋಮೇಶ್ವರ ದಾಟಿ ಆಗುಂಬೆ ಘಾಟಿಗೆ ಮೂತಿ ಹಾಕಿದಾಗ ಮಾತ್ರ ರಗಳೆ. 14 ಹೇರ್‌ಪಿನ್ ತಿರುವುಗಳಲ್ಲಿ ಮೊದಲಿನ ಕೆಲವನ್ನು ಮರ್ಯಾದೆಯಿಂದ ಹತ್ತಿ, ಆಮೇಲೆ ಕೆಮ್ಮಿ, ಜರ್ಕ್ ಹೊಡೆದು, ನಿಂತುಬಿಡುತ್ತಿತ್ತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು, ಬೈದು, ಬೇಜಾರಾಗಿ ಬೀಡಿ ಹಚ್ಚುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು.

‘ಏರ್ ಹಿಡ್ದಿದೆ’ ಎಂದ ಡ್ರೈವರು. ಅಸಂಬದ್ಧವೇನಲ್ಲ. ಡೀಸೆಲನ್ನು ಹಿಂಡಿದರೆ ಅದು ಜಗ್ಗುವುದಿಲ್ಲ, ನಾಝಲ್ ತೆರೆಯಲೇಬೇಕು. ನಡುವೆ ಗಾಳಿಗುಳ್ಳೆ ಸೇರಿದರೆ ಗುಳ್ಳೆಯೇ ಮುದುಡಿ ಕೂರುತ್ತದೆ, ನಾಝಲ್ ಮಿಸುಕುವುದಿಲ್ಲ. ತಮಾಷೆಯೆಂದರೆ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿಗೆ ಇಂಧನವನ್ನು ಒಳಕ್ಕೆ ಊದುತ್ತಿದ್ದದ್ದೇ ಗಾಳಿ! ಅದಕ್ಕೆ ಬೇಕಾಗಿದ್ದ ಕಂಪ್ರೆಸರನ್ನು ರಸ್ತೆಯ ಗಾಡಿಯಲ್ಲಿ ಹೊತ್ತು ತಿರುಗುವುದು ಕಷ್ಟವಿತ್ತು. ಬಾಷ್ ಕಂಪನಿ 1927ರಲ್ಲಿ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದ ಮೇಲೆ ಡೀಸೆಲ್ ಲಾರಿಗಳಿಗೆ ಕಾಲ ಬಂತು, ಗಾಳಿಗೆ ಬಹಿಷ್ಕಾರ ಬಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಮೈಕೊ ಶುರುವಾಗಿ ಆ ಪಂಪುಗಳು ನಮ್ಮಲ್ಲೇ ತಯಾರಾದವು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಚಿಕ್ಕಪ್ಪ ಬದಲಿಸಿಕೊಂಡಿಲ್ಲ.

ಏರ್ ಸೇರುವ ಜಾಗ ಹುಡುಕುವುದೇ ಕಷ್ಟ. ಫೀಡ್ ಪಂಪಿನಿಂದ ಮುಂದಕ್ಕೆ ಸೋರಿದರೆ ಡೀಸೆಲ್ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ನಾಯಿಗೂ ಕಾಣುತ್ತದೆ. ಹಿಂದಕ್ಕೆ, ಟ್ಯಾಂಕಿನ ಕಡೆ, ಪೈಪು ಬಿರುಕು ಬಿಟ್ಟರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ. ಕಾಣದ ದೋಷಕ್ಕೆ ಸಲಹೆಗಾರರು ಜಾಸ್ತಿ. ಪೇಟೆಯ ಹೋಟೆಲಿನಲ್ಲಿ ‘ಗಾಡಿ ಎಳೀತಿಲ್ಲ’ ಎಂದರೆ ಸಾಕು, ಟೀ ಆರುವುದರೊಳಗೆ ತೀರ್ಪು ಬರುತ್ತಿತ್ತು. ಪಂಪ್ ರಿಪೇರಿಯವನಿಗೆ ಪಂಪಿನ ಮೇಲೆ ಗುಮಾನಿ, ಟಯರ್ ಅಂಗಡಿಯವನಿಗೆ ಟಯರಿನ ಮೇಲೆ, ಜೋಯಿಸರಿಗೆ ಶನಿಯ ಮೇಲೆ. ಯಾರೂ ಪಕ್ಕದ ಅಂಗಡಿಯ ಸಾಮಾನನ್ನು ದೂರಿದ್ದು ನಾನು ಕೇಳಲಿಲ್ಲ. ಚಿಕ್ಕಪ್ಪ ಎಲ್ಲರ ಮಾತಿಗೂ ಬೆಲೆ ಕೊಟ್ಟರು, ನಗದಾಗಿ. ಫಿಲ್ಟರ್ ಬಂತು, ತಾಮ್ರದ ವಾಷರುಗಳು ಬಂದವು, ಹೊಸ ಫೀಡ್ ಪಂಪೂ ಬಂತು. ಪಿಕಪ್ಪು ಹೊಸ ಸಾಮಾನೆಲ್ಲ ಹಾಕಿಸಿಕೊಂಡು ಅದೇ ತಿರುವಿನಲ್ಲಿ ನಿಂತಿತು.

ಕೊನೆಗೆ ಸಿಕ್ಕ ಮೆಕ್ಯಾನಿಕ್ ಮಾತು ಕಡಿಮೆಯ ಮನುಷ್ಯ. ‘ಪಂಪ್ ಬಿಚ್ಚೋದು ಇರ್‍ಲಿ ಗೌಡ್ರೇ, ಮೊದ್ಲು ಡ್ರಿಪ್ ಹಾಕಿ ನೋಡಾಣ’ ಎಂದ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನಿಂದ ಕಳಚಿ, ಅಲ್ಲಿಗೆ ಒಂದು ಬಿಳಿ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಡೀಸೆಲ್ ಕ್ಯಾನಿಗೆ ಇಳಿಬಿಟ್ಟ. ಆಸ್ಪತ್ರೆಯಲ್ಲಿ ಬಾಟಲಿ ಹಿಡಿದು ನಿಲ್ಲುವ ನೆಂಟನ ಪಾತ್ರ ನನ್ನದು. ಕ್ಯಾನು ನನ್ನ ಮಡಿಲಲ್ಲಿ, ಪೈಪು ಕಿಟಕಿಯಿಂದ ಹೊರಗೆ, ಬಾನೆಟ್ಟಿಗೆ ಹಗ್ಗ, ಹಿಂದೆ ಭಾರಕ್ಕೆಂದು ಮರಳಿನ ಚೀಲಗಳು. ಈ ವೇಷದಲ್ಲಿ ಸೋಮೇಶ್ವರದಿಂದ ಹೊರಟೆವು. ‘ಕ್ಯಾನ್ ಓರೆ ಮಾಡ್ಬೇಡ ಮಾರಾಯ’ ಎಂದು ಚಿಕ್ಕಪ್ಪ ತಿರುವಿಗೊಂದು ಸಲ ಹೇಳುತ್ತಿದ್ದರು. ತಿರುವಿನಲ್ಲಿ ನಾನೇ ಓರೆಯಾಗುತ್ತಿದ್ದೆ. ಎಂಜಿನ್ ಕುಡಿದು ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೇ ಹೋಗುವುದರಿಂದ ಕ್ಯಾನು ಬೇಗ ಬೇಗ ಇಳಿಯುತ್ತಿತ್ತು. ಆದರೆ ಗಾಡಿ? ಒಂದು ಕೆಮ್ಮಿಲ್ಲದೆ 14 ತಿರುವನ್ನೂ ಹತ್ತಿಬಿಟ್ಟಿತು! ಅಂದರೆ ಎರಡೂ ಪಂಪು, ಫಿಲ್ಟರು, ನಾಝಲು ನಿರಪರಾಧಿಗಳು. ಕಳ್ಳ ಇರುವುದು ಫೀಡ್ ಪಂಪಿನ ಹಿಂದೆ.

ಹಳೇ ಪೈಪಿನ ಜಾಗಕ್ಕೂ ಪಾರದರ್ಶಕ ಪೈಪೇ ಬಂತು. ಮತ್ತೆ ಇಳಿದು, ಮತ್ತೆ ಹತ್ತಿದೆವು. ಮಾಮೂಲಿ ಜಾಗದಲ್ಲಿ ನಿಂತಿತು. ಪೈಪಿನಲ್ಲಿ ಹೇಳಿಕೊಳ್ಳುವಂಥ ಗುಳ್ಳೆಯಿಲ್ಲ. ಮೆಕ್ಯಾನಿಕ್ ಇಳಿದು ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ‘ಸುಂಯ್’ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಮುಚ್ಚಳದ ಕೆಳಗೆ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರು, ಎರಡು ಮಡಿಕೆ, ಅದರ ಮೇಲೆ ಸೈಕಲ್ ಟ್ಯೂಬಿನ ಬಿಗಿ ಪಟ್ಟಿ.

ಕಟ್ಟಿದ್ದು ಚಿಕ್ಕಪ್ಪ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಬೀಳುವ ಆಗುಂಬೆ ದಾರಿಯಲ್ಲಿ ಡೀಸೆಲಿಗೆ ನೀರು ಸೇರೀತೆಂಬ ಅವರ ಭಯ ನ್ಯಾಯವಾದದ್ದೇ. ಆದರೆ ಖಾಲಿಯಾದ ಡೀಸೆಲಿನ ಜಾಗಕ್ಕೆ ಹೊರಗಿನ ಗಾಳಿ ಬರದಿದ್ದರೆ ಟ್ಯಾಂಕು ಡೀಸೆಲನ್ನು ಬಿಟ್ಟುಕೊಡುವುದಿಲ್ಲ. ಪಾಪದ ಫೀಡ್ ಪಂಪು ಎಷ್ಟೆಂದು ಎಳೆದೀತು? ಸಮತಟ್ಟಿನಲ್ಲಿ ಎಂಜಿನ್ ಕುಡಿಯುವುದು ಕಡಿಮೆ, ಕವರಿನ ಸುಕ್ಕುಗಳಲ್ಲಿ ನುಸುಳುವ ಗಾಳಿಯೇ ಸಾಲುತ್ತಿತ್ತು. ಘಾಟಿಯಲ್ಲಿ ಸಾಲಲಿಲ್ಲ. ಏರ್ ಹಿಡಿದಿದೆ ಎಂದು ಊರೆಲ್ಲ ಹುಡುಕಿದ್ದೆವು. ಗಾಡಿಗೆ ಬೇಕಾಗಿದ್ದದ್ದೇ ಏರು.

ಇದನ್ನು ಚಿಕ್ಕಪ್ಪ ಇವತ್ತಿಗೂ ಪೂರ್ತಿ ಒಪ್ಪಿಲ್ಲ. ‘ಹೊಸ ಫೀಡ್ ಪಂಪ್ ಸೆಟ್ ಆಗ್ಲಿಕ್ಕೆ ಸ್ವಲ್ಪ ದಿನ ಬೇಕಿತ್ತು, ಅಷ್ಟೇ’ ಎನ್ನುತ್ತಾರೆ. ಚಿಕ್ಕಮ್ಮ ಒಳಗಿನಿಂದ ಏನೋ ಹೇಳುತ್ತಾರೆ, ನಮಗ್ಯಾರಿಗೂ ಕೇಳಿಸುವುದಿಲ್ಲ. ಮೊನ್ನೆ ಪಕ್ಕದ ತೋಟದವರ ಟಿಲ್ಲರ್ ಗದ್ದೆಯ ನಡುವೆ ನಿಂತಿತು. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದು, ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಕೊಟ್ಟು ತಿರುಗಿಸಿದರು. ಸದ್ದಿಲ್ಲ.

‘ಹಂಗಾದ್ರೆ ಫೀಡ್ ಪಂಪೇ ಹೋಗಿದೆ’ ಎಂದರು. ‘ನನ್ನ ಹತ್ರ ಹಳೇದೊಂದು ಇದೆ, ಒಳ್ಳೇ ಕಂಡೀಷನ್ನು. ಕೂಡ್ತದಾ ನೋಡಿ, ರೇಟು ಆಮೇಲೆ ಮಾತಾಡುವ.’