ಮೂಗುದಾರ ಹಾಕಿದ ಕಾರು

ಕೆನಡಾದ ವಿನ್ನಿಪೆಗ್‌ನಲ್ಲಿ ಕಾರುಗಳಿಗೆ ಮೂಗುದಾರ ಇರುತ್ತದೆ. ಮುಂದಿನ ಗ್ರಿಲ್ಲಿನ ಸಂದಿಯಿಂದ ಗೇಣುದ್ದದ ವೈರು, ಅದರ ತುದಿಗೊಂದು ಮೂರು ಕಡ್ಡಿಯ ಪ್ಲಗ್ಗು ಹೊರಗೆ ನೇತಾಡುತ್ತಿರುತ್ತದೆ. ಊರಿಂದ ಹೊಸದಾಗಿ ಬಂದವರು ಅದನ್ನು ನೋಡಿ, "ಇಲ್ಲಿ ಎಲ್ಲರೂ ಎಲೆಕ್ಟ್ರಿಕ್ ಕಾರು ಇಟ್ಕೊಂಡಿದಾರಲ್ರೀ" ಎಂದು ಬಾಯಿಬಿಡುತ್ತಾರೆ. ಅವು ಅಪ್ಪಟ ಪೆಟ್ರೋಲು ಕುಡಿಯುವ ಕಾರುಗಳು. ಸಂಜೆ ಮನೆಗೆ ಬಂದ ದನವನ್ನು ಗೂಟಕ್ಕೆ ಕಟ್ಟುವಂತೆ ಅವನ್ನು ಅಂಗಳದ ಕರೆಂಟು ಕಂಬಕ್ಕೆ ಕಟ್ಟಬೇಕು. ಕಟ್ಟದೆ ಮಲಗಿದರೆ ಬೆಳಗ್ಗೆ ಏಳುವುದಿಲ್ಲ. ಕೆಲವರು ಕಟ್ಟಿದ್ದನ್ನು ಬಿಚ್ಚದೆಯೇ ಅವಸರದಲ್ಲಿ ಹೊರಟುಬಿಡುತ್ತಾರೆ. ಜನವರಿಯಲ್ಲಿ ಯಾರದೋ ಕಾರು ಹತ್ತಡಿ ಉದ್ದದ ಕಿತ್ತಳೆ ಬಣ್ಣದ ವೈರನ್ನು ಎಳೆದುಕೊಂಡು ಪೇಟೆಯ ಸಿಗ್ನಲ್ಲಿನಲ್ಲಿ ನಿಂತಿದ್ದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಆ ವೈರು ಹೋಗಿ ಮುಟ್ಟುವುದು ಇಂಜಿನ್ನಿನ ಹೊಟ್ಟೆಯನ್ನು. ಅಲ್ಲಿ ಬ್ಲಾಕ್ ಹೀಟರ್ ಎಂಬ ಪುಟ್ಟ ಕಾಯಿಲು ಕೂತು, ರಾತ್ರಿಯಿಡೀ ಇಂಜಿನ್ನಿನ ಕೂಲೆಂಟನ್ನು ಬೆಚ್ಚಗಿಡುತ್ತದೆ. ಇಲ್ಲಿಂದ ದಕ್ಷಿಣಕ್ಕೆ ಅಮೆರಿಕದ ಗಡಿ ದಾಟಿದರೆ ಗ್ರ್ಯಾಂಡ್ ಫೋರ್ಕ್ಸ್ ಎಂಬ ಊರಿದೆ. ಅಲ್ಲಿನ ಆಂಡ್ರ್ಯೂ ಫ್ರೀಮನ್ ಇಂಥದೊಂದು ಹೀಟರ್ ಮಾಡಿ 1949ರಲ್ಲಿ ಪೇಟೆಂಟ್ ಪಡೆದ. ಆತ ವಿದ್ಯುತ್ ಸಹಕಾರ ಸಂಘವೊಂದರ ಮ್ಯಾನೇಜರು. ಕರೆಂಟು ಮಾರುವವನೇ ಕಾರಿಗೂ ಕರೆಂಟು ತಿನ್ನುವ ಚಟ ಹತ್ತಿಸಿದನಲ್ಲ ಎಂದು ನನಗೊಂದು ಗುಮಾನಿ. ಮೈನಸ್ 35ರ ಬೆಳಗ್ಗೆ ಮಾತ್ರ ಈ ಗುಮಾನಿ ಬರುವುದಿಲ್ಲ. ಕೀಲಿ ತಿರುಗಿಸಿದ ಕೂಡಲೇ ಇಂಜಿನ್ನು ಗುರ್ರೆಂದರೆ ಫ್ರೀಮನ್ ಮಹಾಶಯನ ಫೋಟೋಗೆ ಒಂದು ಮೊಳ ಹೂವು ಹಾಕಬೇಕು ಅನ್ನಿಸುತ್ತದೆ.

ಪುಣ್ಯಕ್ಕೆ ಇಲ್ಲಿ ಕರೆಂಟು ಧಾರಾಳ. ನಮ್ಮ ಪ್ರಾಂತ್ಯ ಮ್ಯಾನಿಟೋಬದ ಕರೆಂಟು ಹೆಚ್ಚುಕಡಿಮೆ ಪೂರ್ತಿ ನೀರಿನದು, ಅದರಲ್ಲೂ ಉತ್ತರದ ನೆಲ್ಸನ್ ನದಿಯದು. ಶರಾವತಿ ತುಂಬಿತೋ ಇಲ್ಲವೋ ಎಂದು ಪೇಪರು ನೋಡಿ, ಲೋಡ್ ಶೆಡ್ಡಿಂಗಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ದಾವಣಗೆರೆಯಲ್ಲಿ ಬೆಳೆದವನು ನಾನು. ನಾನು ಪರೀಕ್ಷೆಗೆ ಓದಿದ್ದು ಸೀಮೆಎಣ್ಣೆ ಬುಡ್ಡಿಯಲ್ಲಿ. ನನ್ನ ಕಾರು ಮಾತ್ರ ರಾತ್ರಿಯಿಡೀ ಕರೆಂಟು ಕುಡಿಯುತ್ತದೆ.

ಇಷ್ಟೆಲ್ಲ ಉಪಚಾರ ಮಾಡಿದರೂ ಕೈಕೊಡುವುದು ಬ್ಯಾಟರಿ. ಹೀಟರು ಬೆಚ್ಚಗಿಡುವುದು ಇಂಜಿನ್ನನ್ನು. ಬ್ಯಾಟರಿ ಪಕ್ಕದಲ್ಲಿ ಒಂಟಿಯಾಗಿ ನಡುಗುತ್ತ ಕೂತಿರುತ್ತದೆ. ಸೀಸದ ಫಲಕ, ಗಂಧಕಾಮ್ಲ, ನೀರು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಇದನ್ನು ಮಾಡಿದ ದಿನದಿಂದ ಒಳಗಿನ ಅಡುಗೆ ಅಷ್ಟೇನೂ ಬದಲಾಗಿಲ್ಲ. ಚಳಿಗೆ ಆ ಅಡುಗೆ ನಿಧಾನವಾಗುತ್ತದೆ. ಸೊನ್ನೆ ಡಿಗ್ರಿಗೆ ಬಂದರೆ ಬ್ಯಾಟರಿಯ ಬಲದಲ್ಲಿ ಮೂರನೇ ಒಂದು ಪಾಲು ಹೋಯಿತು ಅನ್ನುತ್ತಾರೆ. ಮೈನಸ್ 18ಕ್ಕೆ ಅರ್ಧಕ್ಕಿಂತ ಹೆಚ್ಚು. ಅದೇ ಹೊತ್ತಿಗೆ ಇಂಜಿನ್ ಆಯಿಲು ಗಟ್ಟಿಯಾಗಿ, ಇಂಜಿನ್ನನ್ನು ತಿರುಗಿಸಲು ಎಂದಿಗಿಂತ ಹೆಚ್ಚು ಬಲ ಬೇಕಾಗುತ್ತದೆ. ಮನೆಯ ಖರ್ಚು ದುಪ್ಪಟ್ಟಾದ ತಿಂಗಳೇ ಸಂಬಳ ಅರ್ಧ ಬಂದರೆ ಏನಾಗುತ್ತದೋ ಅದೇ ಆಗುತ್ತದೆ.

ಆಗಿನ ಸದ್ದನ್ನು ಕೇಳಬೇಕು. ಮೊದಲು "ರ್ರ್ರೂಂ" ಎಂದು ಒಂದು ಆಸೆ ತೋರಿಸುತ್ತದೆ. ಆಮೇಲೆ "ಊಂ... ಊಂ..." ಎಂಬ ನರಳಾಟ. ಕೊನೆಗೆ "ಟಿಕ್ ಟಿಕ್ ಟಿಕ್." ಸಿಟ್ಟು ಬರಿಸುವುದು ಈ ಟಿಕ್ಕಲ್ಲ, ಅದೇ ಹೊತ್ತಿಗೆ ಜಗಜಗಿಸುವ ಡ್ಯಾಶ್‌ಬೋರ್ಡು. ಎಲ್ಲ ದೀಪಗಳೂ ಉರಿಯುತ್ತವೆ, ರೇಡಿಯೋ ಹಾಡುತ್ತದೆ, ಸೀಟುಬೆಲ್ಟು ಹಾಕಿಲ್ಲ ಎಂದು ಕಾರು ನಮಗೇ ಬುದ್ಧಿ ಹೇಳುತ್ತದೆ. ದೀಪಕ್ಕೆ ಬೇಕಾದದ್ದು ನಾಲ್ಕಾರು ಆಂಪಿಯರ್, ಸ್ಟಾರ್ಟರ್ ಮೋಟಾರಿಗೆ ನೂರಾರು. ಸಾಯಲು ಬಿದ್ದ ಬ್ಯಾಟರಿ ಚಿಲ್ಲರೆ ಖರ್ಚಿಗೆ ಯಾವತ್ತೂ ಹಿಂಜರಿಯುವುದಿಲ್ಲ.

ರೇಡಿಯೋದವರೋ, ಇಂಥ ಬೆಳಗ್ಗೆಗಳಲ್ಲಿ ಬಲು ಉತ್ಸಾಹದಲ್ಲಿರುತ್ತಾರೆ. "ಈಗ ಮೈನಸ್ 31, ಗಾಳಿ ಸೇರಿ ಮೈನಸ್ 44ರ ಅನುಭವ!" ಎಂದು ಕ್ರಿಕೆಟ್ ಸ್ಕೋರು ಹೇಳುವ ಗತ್ತಿನಲ್ಲಿ ಹೇಳುತ್ತಾರೆ. 2013ರ ಡಿಸೆಂಬರ್ 31ರಂದು ಇಲ್ಲಿನ ಮ್ಯಾನಿಟೋಬ ಮ್ಯೂಸಿಯಮ್ಮಿನವರು, ಮಂಗಳ ಗ್ರಹದಲ್ಲಿದ್ದ ಕ್ಯೂರಿಯಾಸಿಟಿ ಯಂತ್ರ ಕಳಿಸಿದ ಹವಾಮಾನಕ್ಕಿಂತ ವಿನ್ನಿಪೆಗ್ ತಣ್ಣಗಿದೆ ಎಂದು ಸಾರಿದಾಗ ಊರಿಗೆ ಊರೇ ಹೆಮ್ಮೆಪಟ್ಟಿತ್ತು. ಗಾಳಿಯ ಲೆಕ್ಕದ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರಿದೆ. "ಅನುಭವ" ಎಂಬುದು ನಮ್ಮಂಥ ಬಿಸಿ ಮೈಯವರಿಗೆ. ಕಾರಿಗೆ ಅನುಭವವಿಲ್ಲ. ಗಾಳಿ ಎಷ್ಟೇ ಬೀಸಲಿ, ಕಾರು ಬೇಗ ತಣ್ಣಗಾದೀತೇ ಹೊರತು ಮೈನಸ್ 31ಕ್ಕಿಂತ ಕೆಳಗೆ ಇಳಿಯದು. ಇದನ್ನು ನನ್ನ ಹೆಂಡತಿಗೆ ಒಮ್ಮೆ ವಿಸ್ತಾರವಾಗಿ ವಿವರಿಸಿದೆ. ಅವಳು ಸ್ಟಾರ್ಟ್ ಆಗದ ಕಾರಿನಲ್ಲಿ ಕೂತಿದ್ದಳು. ಬಾಗಿಲು ಮುಚ್ಚು ಎಂದಳು.

ಬ್ಯಾಟರಿಯ ಯೋಗ್ಯತೆ ಅಳೆಯಲು ಇಲ್ಲಿ ಸಿಸಿಎ ಎಂಬ ಅಳತೆಯುಂಟು: ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್. ಮೈನಸ್ 18 ಡಿಗ್ರಿಯಲ್ಲಿ, 30 ಸೆಕೆಂಡು, ವೋಲ್ಟೇಜು 7.2ಕ್ಕಿಂತ ಕೆಳಗಿಳಿಯದಂತೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಲೆಕ್ಕ. ನಮ್ಮ ಕನ್ನಡದವರು ಸೇರಿದಲ್ಲಿ ಹಿಂದೆ ಸೈಟಿನ ಅಳತೆ, ಮಕ್ಕಳ ಮಾರ್ಕ್ಸು ಕೇಳುತ್ತಿದ್ದರು. ಈಗ "ನಿಮ್ದು ಎಷ್ಟು ಸಿಸಿಎ?" "ನಮ್ದು ಆರು ನೂರೈವತ್ತು." "ಹೌದಾ, ನಾವು ಎಂಟು ನೂರು ಹಾಕಿಸಿದ್ವಿ." ಎಂಟು ನೂರಿನವರ ಹೆಂಡತಿ ಅತ್ತ ತಿರುಗಿ ಸೆರಗು ಸರಿಮಾಡಿಕೊಳ್ಳುತ್ತಾರೆ.

ದಾವಣಗೆರೆಯಲ್ಲಿ ನನ್ನ ಸೋದರಮಾವನ ಅಂಬಾಸಿಡರ್‌ಗೆ ಈ ಲೆಕ್ಕಗಳ ಹಂಗಿರಲಿಲ್ಲ. 1912ರಲ್ಲೇ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಕೂಡಿಸಿ ಹ್ಯಾಂಡಲ್ ತಿರುಗಿಸುವ ಕಾಟಕ್ಕೆ ಮಂಗಳ ಹಾಡಿದ್ದನಂತೆ. ಆ ಸುದ್ದಿ ಮಾವನ ಕಾರಿನವರೆಗೆ ಸರಿಯಾಗಿ ಮುಟ್ಟಿರಲಿಲ್ಲ. ಡಿಕ್ಕಿಯಲ್ಲಿ ಹ್ಯಾಂಡಲ್ ಸದಾ ಸಿದ್ಧ. ಭಾನುವಾರ ಬೆಳಗ್ಗೆ ಬಾನೆಟ್ ಎತ್ತಿ, ಬ್ಯಾಟರಿಯ ಟರ್ಮಿನಲ್ಲಿಗೆ ಹತ್ತಿದ ಬಿಳಿ ಹಸಿರು ಬೂಷ್ಟಿನ ಮೇಲೆ ಬಿಸಿನೀರು ಹುಯ್ದು, ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ, ಆರೂ ಬಿರಡೆ ತಿರುವಿ, ಡಿಸ್ಟಿಲ್ಡ್ ವಾಟರನ್ನು ಹನಿಹನಿಯಾಗಿ ಬಿಡುತ್ತಿದ್ದರು. ನನಗೆ ಟಾರ್ಚು ಹಿಡಿಯುವ ಕೆಲಸ. ಇಷ್ಟಾಗಿಯೂ ಸೋಮವಾರ ಅದು ಸ್ಟಾರ್ಟ್ ಆಗದಿದ್ದರೆ ಓಣಿಯ ಹುಡುಗರೆಲ್ಲ ಬಂದು ತಳ್ಳುತ್ತಿದ್ದರು. ಮಿರ್ಚಿ ಅಂಗಡಿಯವನೂ ಕೈ ಒರೆಸಿಕೊಂಡು ಬರುತ್ತಿದ್ದ. ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಒಂದು ಜಿಗಿತ, ಒಂದು ಕೆಮ್ಮು, ಕಪ್ಪು ಹೊಗೆ, ಜಯಘೋಷ. ಈಗಿನ ಆಟೋಮ್ಯಾಟಿಕ್ ಕಾರನ್ನು ಇಡೀ ದಾವಣಗೆರೆ ಬಂದು ತಳ್ಳಿದರೂ ಅದು ಸ್ಟಾರ್ಟ್ ಆಗುವುದಿಲ್ಲ.

ಬ್ಯಾಟರಿಯ ನಿಜವಾದ ಶತ್ರು ದಾವಣಗೆರೆಯಂಥ ಬಿಸಿಲೇ ಎಂಬುದು ನನಗೆ ಆಮೇಲೆ ತಿಳಿದದ್ದು. ಸೆಕೆಗೆ ಒಳಗಿನ ನೀರು ಆರುತ್ತದೆ, ಫಲಕಗಳು ಸವೆಯುತ್ತವೆ. ಏಟು ಬೀಳುವುದು ಬೇಸಿಗೆಯಲ್ಲಿ, ಉಸಿರು ನಿಲ್ಲುವುದು ಚಳಿಗಾಲದಲ್ಲಿ. ವಿನ್ನಿಪೆಗ್‌ನಲ್ಲೂ ಜುಲೈ 30 ಡಿಗ್ರಿ ದಾಟುತ್ತದೆ. ಕೆಟ್ಟ ಹೆಸರೆಲ್ಲ ಜನವರಿಗೆ.

ನಮ್ಮ ಕನ್ನಡ ಕೂಟದ ಸಂಕ್ರಾಂತಿ ಬೀಳುವುದು ಸರಿಯಾಗಿ ಈ ಜನವರಿಯಲ್ಲಿ. ಸಭಾಂಗಣದ ಒಳಗೆ ರೇಷ್ಮೆ ಸೀರೆ, ಎಳ್ಳುಬೆಲ್ಲ, ಸಿಹಿಪೊಂಗಲು. ಹೊರಗೆ ಮೈನಸ್ 33. ಆ ಸಭಾಂಗಣದ ಪಾರ್ಕಿಂಗಿನಲ್ಲಿ ಪ್ಲಗ್ಗಿನ ಕಂಬಗಳಿಲ್ಲ. ಹೀಗಾಗಿ ಕಾರ್ಯಕ್ರಮದ ನಡುವೆ ಗಂಡಸರು ಸರದಿಯ ಮೇಲೆ ಎದ್ದು ಹೋಗಿ ಕಾರು ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು, ಬರುತ್ತಾರೆ. ಭರತನಾಟ್ಯ ಮಾಡುವ ಮಕ್ಕಳಿಗೆ ತಮ್ಮ ಅಪ್ಪ ಯಾವತ್ತೂ ಪೂರ್ತಿ ನೃತ್ಯ ನೋಡಿಲ್ಲ ಎಂಬ ದೂರು ಉಳಿದೇ ಇದೆ.

ಒಂದು ವರ್ಷ ಊಟದ ಗದ್ದಲದಲ್ಲಿ ಗೆಳೆಯನೊಬ್ಬನ ಸರದಿ ತಪ್ಪಿತು. ಅವನದು ಜರ್ಮನ್ ಕಾರು, ಹೊರಡುವಾಗ ಏಳಲೇ ಇಲ್ಲ. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯೇ ಇಲ್ಲ! ಆ ಮಾದರಿಯಲ್ಲಿ ಬ್ಯಾಟರಿ ಇರುವುದು ಹಿಂದೆ, ಡಿಕ್ಕಿಯಲ್ಲಿ. ಡಿಕ್ಕಿ ತೆಗೆಯುವುದು ಗುಂಡಿ ಒತ್ತಿ. ಗುಂಡಿಗೆ ಬೇಕಾದದ್ದು ಬ್ಯಾಟರಿ. ಇಂಥ ಸಂದರ್ಭಕ್ಕೆಂದೇ ಇಂಜಿನ್ ಬದಿಯಲ್ಲಿ ಒಂದು ಕೆಂಪು ಮುಚ್ಚಳದ ಟರ್ಮಿನಲ್ ಇಟ್ಟಿರುತ್ತಾರೆ ಎಂದು ಯಾರೋ ಹೇಳಿದರು. ಅದು ಎಲ್ಲಿ ಎಂದು ಹುಡುಕಲು ಮೊಬೈಲ್ ತೆಗೆದರೆ, ಒಳಗೆ 40 ಪರ್ಸೆಂಟ್ ತೋರಿಸುತ್ತಿದ್ದದ್ದು ಚಳಿಗೆ ಒಮ್ಮೆಗೇ ಆರಿಹೋಯಿತು. ಮೊಬೈಲಿನದೂ ಬ್ಯಾಟರಿಯೇ ತಾನೆ!

ಅಂತೂ ಮುಚ್ಚಳ ಸಿಕ್ಕಿತು. ಇನ್ನೊಂದು ಕಾರು ಮೂತಿಗೆ ಮೂತಿ ತಂದು ನಿಲ್ಲಿಸಿದ್ದಾಯಿತು. ಆಮೇಲೆ ಕೇಬಲ್ಲಿನ ಚರ್ಚೆ. ಕೆಂಪು ಕ್ಲಿಪ್ಪಿನ ಬಗ್ಗೆ ಒಮ್ಮತವಿತ್ತು: ಸತ್ತದ್ದರ ಪ್ಲಸ್ಸಿಗೆ, ಆಮೇಲೆ ಬದುಕಿದ್ದರ ಪ್ಲಸ್ಸಿಗೆ. ಕಪ್ಪಿನ ಒಂದು ತುದಿ ಬದುಕಿದ್ದರ ಮೈನಸ್ಸಿಗೆ. ಕಪ್ಪಿನ ಇನ್ನೊಂದು ತುದಿಗೆ ಬಂದಾಗ ಸಭೆ ಒಡೆಯಿತು. ಅದನ್ನು ಬ್ಯಾಟರಿಗೆ ಹಾಕದೆ ದೂರದ ಲೋಹಕ್ಕೆ ಕಚ್ಚಿಸಬೇಕು, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕೊನೆಯ ಕಿಡಿ ಅದರ ಹತ್ತಿರ ಹಾರಬಾರದು ಎಂದು ಡಾಕ್ಟರೇಟ್ ಮಾಡಿದ ಒಬ್ಬರು ಪಂಚೆಯ ಮೇಲೆ ಪಾರ್ಕಾ ತೊಟ್ಟು ಅಪ್ಪಣೆ ಕೊಡಿಸಿದರು. "ನಮ್ಮೂರಲ್ಲಿ ಡೈರೆಕ್ಟ್ ಮೈನಸ್ಸಿಗೇ ಹಾಕ್ತಿದ್ವಿ, ಏನೂ ಆಗ್ಲಿಲ್ಲ" ಎಂದು ಹುಬ್ಬಳ್ಳಿಯವರೊಬ್ಬರು. ಆದವರು ಬಂದು ಹೇಳುವುದಿಲ್ಲವಲ್ಲ ಎಂದು ಇನ್ನೊಬ್ಬರು. ಬ್ಯಾಟರಿ ಪೂರಾ ಇಳಿದಿದ್ದರೆ ಒಳಗೆ ಹೆಪ್ಪುಗಟ್ಟಿರುತ್ತದೆ, ಹೆಪ್ಪುಗಟ್ಟಿದ್ದಕ್ಕೆ ಕೇಬಲ್ ಹಾಕಿದರೆ ಸಿಡಿಯುತ್ತದೆ ಎಂದು ಹಿಂದಿನಿಂದ ಮತ್ತೊಂದು ದನಿ. ಅದೂ ನಿಜವೇ, ಪೂರ್ತಿ ಚಾರ್ಜಾದ ಬ್ಯಾಟರಿ ಇಲ್ಲಿನ ಯಾವ ಚಳಿಗೂ ಹೆಪ್ಪುಗಟ್ಟದು, ಖಾಲಿಯಾದದ್ದು ಸೊನ್ನೆಗಿಂತ ಸ್ವಲ್ಪ ಕೆಳಗಿಳಿದರೆ ಸಾಕು. ಡಾಕ್ಟರೇಟಿಗೆ ಜಯವಾಯಿತು. ಈಗ ಬಣ್ಣ ಬಳಿಯದ ಬರಿ ಲೋಹ ಹುಡುಕಬೇಕು. ಈ ಕಾಲದ ಕಾರಿನಲ್ಲಿ ಅದೆಲ್ಲಿ? ಎಲ್ಲೆಲ್ಲೂ ಕಪ್ಪು ಪ್ಲಾಸ್ಟಿಕ್ಕಿನ ಮುಸುಕು. ಐದಾರು ಮಂದಿ ಇಂಜಿನಿಯರುಗಳು ಇಂಜಿನ್ನಿನೊಳಗೆ ತಲೆಯಿಟ್ಟು ಲೋಹ ಹುಡುಕುತ್ತಿರುವಾಗ ಒಳಗಿಂದ ಮೈಕಿನಲ್ಲಿ, "ಗಂಡಸರೆಲ್ಲ ದಯವಿಟ್ಟು ವಂದನಾರ್ಪಣೆಗೆ ಬರಬೇಕು" ಎಂಬ ಕರೆ. ಕಡೆಗೆ ಒಂದು ಬೋಲ್ಟಿನ ತಲೆ ಸಿಕ್ಕಿತು. ಕಾರು ಎದ್ದಿತು. ಅಪರಿಚಿತರಾಗಿ ಬಂದಿದ್ದ ಎರಡು ಸಂಸಾರಗಳು ಅವತ್ತಿಂದ ಈವರೆಗೂ ಬೀಗರ ಹಾಗೆ ಓಡಾಡಿಕೊಂಡಿವೆ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅಷ್ಟು ಚಳಿ ಆಗ್ತತಿ ಅಂದ್ರೆ ರಾತ್ರಿ ಬ್ಯಾಟ್ರಿ ಬಿಚ್ಚಿ ಮನಿಯೊಳಗೆ ತಂದಿಟ್ಕೋಬಾರ್ದೇನೋ?" ಎಂದಳು. ಇಲ್ಲಿ ಹಾಗೆ ಮಾಡುವವರು ನಿಜವಾಗಿಯೂ ಇದ್ದಾರೆ. ಉಳಿದವರು ಬ್ಯಾಟರಿಗೆ ಕಂಬಳಿ ಹೊದಿಸುತ್ತಾರೆ. ತಮಾಷೆಯಲ್ಲ, ಅಂಗಡಿಯಲ್ಲಿ ಬ್ಯಾಟರಿ ಕಂಬಳಿ ಎಂದೇ ಸಿಗುತ್ತದೆ. ಸುತ್ತಿ ಪ್ಲಗ್ ಹಾಕಿದರೆ ಬೆಚ್ಚಗಾಗುತ್ತದೆ. ಇಂಜಿನ್ನಿಗೊಂದು ಹೀಟರು, ಆಯಿಲು ತೊಟ್ಟಿಗೊಂದು ಪಟ್ಟಿ, ಬ್ಯಾಟರಿಗೆ ಕಂಬಳಿ, ಮೂರನ್ನೂ ಸೇರಿಸುವ ಒಂದು ಕವಲು. ಅಮ್ಮ ಎಲ್ಲ ಕೇಳಿ, "ಕಾರಿಗೆ ಕಂಬ್ಳಿ ತಂದಿ. ನೀನು ಏನು ಹೊದ್ಕಂತಿ?" ಎಂದಳು.

ಈ ಸಹವಾಸವೇ ಬೇಡ ಎಂದು ಕಳೆದ ವರ್ಷ ಎಂಟು ನೂರು ಸಿಸಿಎಯವರು ಎಲೆಕ್ಟ್ರಿಕ್ ಕಾರನ್ನೇ ಕೊಂಡರು. ಆಯಿಲಿಲ್ಲ, ಸ್ಟಾರ್ಟರ್ ಮೋಟಾರಿಲ್ಲ, ತಳದ ತುಂಬ ಹಾಸಿದ ಭಾರೀ ಬ್ಯಾಟರಿ. ಕೂಟದಲ್ಲಿ ಅವರು ನಮ್ಮನ್ನೆಲ್ಲ ಕನಿಕರದಿಂದ ನೋಡುತ್ತಿದ್ದರು. ಫೆಬ್ರುವರಿಯ ಒಂದು ಬೆಳಗ್ಗೆ ಅವರ ಫೋನು ಬಂತು. ಕಾರು ಬಾಗಿಲನ್ನೇ ತೆಗೆಯುತ್ತಿಲ್ಲ. ಆ ಭಾರೀ ಬ್ಯಾಟರಿಯನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಲು ಒಳಗೊಂದು ಪುಟ್ಟ 12 ವೋಲ್ಟಿನ ಬ್ಯಾಟರಿ ಇರುತ್ತದೆ, ನಮ್ಮದರಲ್ಲಿ ಇರುವಂಥದ್ದೇ. ಅದು ಮಲಗಿಬಿಟ್ಟಿತ್ತು. ಕೇಬಲ್ ತೆಗೆದುಕೊಂಡು ಹೋದೆ. ನನ್ನ ಹಳೆಯ ಪೆಟ್ರೋಲು ಕಾರು ಹೊಗೆ ಬಿಡುತ್ತ ಅವರ ಹೊಸ ಕಾರಿನ ಮೂತಿಗೆ ನಿಂತಿರುವಾಗ, "ದಯವಿಟ್ಟು ಗ್ರೂಪಿನಲ್ಲಿ ಹಾಕಬೇಡಿ" ಎಂದು ಕೈಮುಗಿದರು. ನಾನು ಹಾಕಲಿಲ್ಲ. ಅವರ ಮಗಳೇ ಕಿಟಕಿಯಿಂದ ಫೋಟೋ ತೆಗೆದು ಹಾಕಿದ್ದಳು. ನಾನು ಮನೆ ಮುಟ್ಟುವಷ್ಟರಲ್ಲಿ ಅದರ ಕೆಳಗೆ ಡಾಕ್ಟರೇಟಿನವರೂ ಹುಬ್ಬಳ್ಳಿಯವರೂ ಮತ್ತೆ ಎದುರುಬದುರಾಗಿದ್ದರು: ಕಪ್ಪು ಕ್ಲಿಪ್ಪು ಎಲ್ಲಿಗೆ ಹಾಕಿದ್ದಾರೆ, ಫೋಟೋದಲ್ಲಿ ಸರಿಯಾಗಿ ಕಾಣಿಸುತ್ತಿಲ್ಲ, ಇನ್ನೊಂದು ಕಳಿಸಿ.