ಹೊರನಾಡ ಸಂಸಾರದಲ್ಲಿ ಧ್ವನಿವರ್ಧಕದ ಸ್ಥಾನಮಾನ

ಅಮೆರಿಕದ ಕನ್ನಡ ಕೂಟಗಳ ಸದಸ್ಯ ಕುಟುಂಬಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು: ಪವರ್ಡ್ ಸ್ಪೀಕರ್ ಇರುವ ಕುಟುಂಬಗಳು ಮತ್ತು ಆ ಕುಟುಂಬಗಳನ್ನು ಯುಗಾದಿಗೆ ಎರಡು ವಾರ ಮುಂಚೆ ವಿಶೇಷ ಪ್ರೀತಿಯಿಂದ ಊಟಕ್ಕೆ ಕರೆಯುವ ಕುಟುಂಬಗಳು. ಪವರ್ಡ್ ಸ್ಪೀಕರ್ ಎಂದರೆ ಆಂಪ್ಲಿಫೈಯರನ್ನು ತನ್ನೊಳಗೇ ಅಡಗಿಸಿಕೊಂಡ ಧ್ವನಿವರ್ಧಕ. ಊರಿನ ಮದುವೆ ಚಪ್ಪರಕ್ಕೆ ಬರುತ್ತಿದ್ದ ಮೈಕ್ ಸೆಟ್ಟಿನಲ್ಲಿ ಆಂಪ್ಲಿಫೈಯರ್ ಪೆಟ್ಟಿಗೆ ಬೇರೆ, ತೆಂಗಿನ ಮರಕ್ಕೆ ಕಟ್ಟುತ್ತಿದ್ದ ಕಹಳೆ ಬೇರೆ, ಇವೆರಡನ್ನೂ ಬೈಯುತ್ತ ಹೊಂದಿಸುತ್ತಿದ್ದ ಮನುಷ್ಯ ಬೇರೆ ಇರುತ್ತಿದ್ದರೆ, ಈ ಹೊಸ ಬಗೆಯಲ್ಲಿ ತಗ್ಗಿನ ಸ್ವರಗಳಿಗೆ 12 ಅಥವಾ 15 ಅಂಗುಲದ ವೂಫರ್, ಮೇಲಿನ ಸ್ವರಗಳಿಗೆ ಹಾರ್ನ್, ಬೆನ್ನಿನ ಮೇಲೆ ನಾಲ್ಕಾರು ಗುಂಡಿಗಳು ಎಲ್ಲವೂ ಒಂದೇ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೇರಿರುತ್ತವೆ. ಹೀಗೆ ಎಲ್ಲವೂ ಒಂದರಲ್ಲೇ ಇರುವುದರಿಂದ ತಜ್ಞರು ಬೇಕಿಲ್ಲ ಎಂಬ ನಂಬಿಕೆ ಬೆಳೆದು, ಆ ನಂಬಿಕೆಯ ಫಲವಾಗಿ ಪ್ರತಿ ಕೂಟದಲ್ಲಿಯೂ ‘ಸೌಂಡ್ ಅಂಕಲ್’ ಎಂಬ ಸಂಬಳವಿಲ್ಲದ, ನಿವೃತ್ತಿಯೂ ಇಲ್ಲದ ಹುದ್ದೆಯೊಂದು ಸೃಷ್ಟಿಯಾಗಿದೆ. ವರ್ಷದ ಬಹುಭಾಗ ಬೇಸ್‌ಮೆಂಟಿನಲ್ಲಿ ದಸರಾ ಗೊಂಬೆಗಳ ಡಬ್ಬಗಳ ಪಕ್ಕ ಕುಳಿತಿರುವ ಈ ಜೋಡಿ ಪೆಟ್ಟಿಗೆಗಳನ್ನು ಪತ್ನಿಯಾದವಳು ವರ್ಷಕ್ಕೊಮ್ಮೆಯಾದರೂ ‘ನಿಮ್ಮ ಆ ಎರಡು ಬೀರುಗಳು’ ಎಂದು ಉಲ್ಲೇಖಿಸುವುದು ವಾಡಿಕೆ.

ಧ್ವನಿವರ್ಧಕದ ಚರಿತ್ರೆಯೂ ಮೂಲತಃ ವಲಸಿಗನೊಬ್ಬನ ಚರಿತ್ರೆಯಾಗಿದ್ದು, ಕೂಟದ ಅಧ್ಯಕ್ಷರ ಭಾಷಣಗಳಲ್ಲಿ ಅದು ಇನ್ನೂ ಬಳಕೆಯಾಗದೆ ಉಳಿದಿರುವುದು ಆಶ್ಚರ್ಯಕರ. ಡೆನ್ಮಾರ್ಕಿನಿಂದ ಬಂದ ಪೀಟರ್ ಜೆನ್ಸನ್ ತನ್ನ ಸಂಗಡಿಗ ಎಡ್ವಿನ್ ಪ್ರಿಡ್ಯಾಮ್ ಜೊತೆ ಕ್ಯಾಲಿಫೋರ್ನಿಯದ ನಾಪಾದಲ್ಲಿ, ಅಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನು ಅಲುಗಿಸಿ ಸದ್ದು ಹೊರಡಿಸುವ ಯಂತ್ರವನ್ನು ಕಟ್ಟಿ, 1915ರ ಕ್ರಿಸ್‌ಮಸ್ ಹಿಂದಿನ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆಯ ಎದುರು ನೆರೆದಿದ್ದ ಭಾರಿ ಜನಸಂದಣಿಗೆ ಅದರ ಮೂಲಕ ಸಂಗೀತ ಮತ್ತು ಭಾಷಣಗಳನ್ನು ಕೇಳಿಸಿದನು. ಇಂಥ ಯಂತ್ರದ ಎದುರು ಮೈಕ್ ಹಿಡಿದಾಗ ಹುಟ್ಟುವ ‘ಕುಂಯ್ಯ್’ ಎಂಬ ಕಿರುಚಾಟಕ್ಕೆ ಇಂದು ಇರುವ ಶಾಸ್ತ್ರೀಯ ಹೆಸರು ಲಾರ್ಸನ್ ಪರಿಣಾಮ. ಆ ಸೋರೆನ್ ಲಾರ್ಸನ್ ಕೂಡ ಡೆನ್ಮಾರ್ಕಿನವನೇ. ಒಬ್ಬನು ಮಾಡಿದ ಕೆಲಸದಲ್ಲಿರುವ ದೋಷವನ್ನು ಅವನ ಊರಿನವನೇ ಎತ್ತಿ ತೋರಿಸುವ ಈ ಪದ್ಧತಿ ಕನ್ನಡ ಕೂಟಗಳಿಗೆ ಹೊಸದೇನಲ್ಲ.

ಸ್ಪೀಕರನ್ನು ಎಲ್ಲಿ ಇಡಬೇಕೆಂಬುದು ಮೇಲ್ನೋಟಕ್ಕೆ ಭೌತಶಾಸ್ತ್ರದ ಪ್ರಶ್ನೆಯಾಗಿದ್ದರೂ ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ ಅದು ರಾಜಕೀಯ ಪ್ರಶ್ನೆಯಾಗುತ್ತದೆ. ಶಾಸ್ತ್ರದ ಪ್ರಕಾರ ಸ್ಪೀಕರ್‌ಗಳು ಮೈಕಿಗಿಂತ ಮುಂದೆ, ಸಭಿಕರ ಕಡೆಗೆ ಮುಖ ಮಾಡಿ ನಿಲ್ಲಬೇಕು. ಅವುಗಳ ಸದ್ದು ಮರಳಿ ಮೈಕಿನೊಳಕ್ಕೆ ಹೋದರೆ ಅದೇ ಸದ್ದು ಮತ್ತೆ ದೊಡ್ಡದಾಗಿ ಹೊರಬಂದು, ಮತ್ತೆ ಒಳಹೋಗಿ, ಲಾರ್ಸನ್ ಪರಿಣಾಮವೆಂಬ ಸುಳಿ ಏಳುತ್ತದೆ. ಆದರೆ ಕಪ್ಪು ಪೆಟ್ಟಿಗೆಗಳು ಫೋಟೊಗಳಲ್ಲಿ ಅಸಹ್ಯವಾಗಿ ಕಾಣುತ್ತವೆಂದು ಅಲಂಕಾರ ಸಮಿತಿಯವರು ಅವುಗಳನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿ, ಮುಂದೆ ಥರ್ಮೊಕೋಲಿನ ಹಂಪಿಯ ಕಲ್ಲಿನ ರಥವನ್ನು ನಿಲ್ಲಿಸುತ್ತಾರೆ. ತಗ್ಗಿನ ಸ್ವರಗಳು ಅಡ್ಡಿಯನ್ನು ಬಳಸಿಕೊಂಡು ಸಾಗಬಲ್ಲವಾದರೂ, ವ್ಯಂಜನಗಳನ್ನು ಸ್ಪಷ್ಟಗೊಳಿಸುವ ಮೇಲಿನ ಸ್ವರಗಳು ನೇರ ದಾರಿಯಲ್ಲೇ ಹೋಗುವುದರಿಂದ, ರಥದ ಹಿಂದಿನಿಂದ ಬರುವ ಸ್ವಾಗತ ಭಾಷಣದಲ್ಲಿ ಸ್ವರಾಕ್ಷರಗಳು ಮಾತ್ರ ಸಭಿಕರನ್ನು ತಲುಪುತ್ತವೆ.

ಇದಕ್ಕಿಂತ ಜಟಿಲವಾದದ್ದು ಮುಂದಿನ ಸಾಲಿನ ಸಮಸ್ಯೆ. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆಂದು ಬಂದಿರುವ ಅಜ್ಜ ಅಜ್ಜಿಯರನ್ನು ಗೌರವದಿಂದ ಮೊದಲ ಸಾಲಿನಲ್ಲಿ ಕೂರಿಸುವುದು ಸಂಪ್ರದಾಯವಾಗಿದ್ದು, ಆ ಸಾಲು ಸ್ಪೀಕರಿನಿಂದ ಎರಡು ಮೀಟರ್ ದೂರದಲ್ಲಿಯೂ, ತಡವಾಗಿ ಬರುವವರು ಕೂರುವ ಕೊನೆಯ ಸಾಲು ಹದಿನಾರು ಮೀಟರ್ ದೂರದಲ್ಲಿಯೂ ಇರುತ್ತದೆ ಎಂದಿಟ್ಟುಕೊಳ್ಳಬಹುದು. ದೂರ ಇಮ್ಮಡಿಯಾದಂತೆಲ್ಲ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಸದ್ದಿನ ಮಟ್ಟವನ್ನು ಅಳೆಯುವ ಮಾನವೇ ಡೆಸಿಬೆಲ್, ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ತೋರುತ್ತದೆ. ಎರಡರಿಂದ ಹದಿನಾರಕ್ಕೆ ಹೋಗುವಷ್ಟರಲ್ಲಿ ಮೂರು ಬಾರಿ ಇಮ್ಮಡಿಯಾಗಿ ಹದಿನೆಂಟು ಡೆಸಿಬೆಲ್ ಇಳಿದಿರುತ್ತದೆ. ಗೋಡೆಗಳ ಪ್ರತಿಧ್ವನಿ ಈ ಅಂತರವನ್ನು ಕೊಂಚ ತುಂಬಿದರೂ ಪೂರ್ತಿ ತುಂಬಲಾರದು. ಪರಿಣಾಮವಾಗಿ ಮುಂದಿನಿಂದ “ಏನಪ್ಪಾ ಇದು, ಕಿವಿ ತೂತು ಬೀಳತ್ತೆ, ಸ್ವಲ್ಪ ಕಮ್ಮಿ ಮಾಡೋ” ಎಂಬ ಅಜ್ಜಿಯ ಅಹವಾಲೂ, ಹಿಂದಿನಿಂದ “ಸಾರ್, ಇಲ್ಲಿಗೆ ಒಂದಕ್ಷರ ಕೇಳ್ತಿಲ್ಲ” ಎಂಬ ದೂರೂ ಏಕಕಾಲಕ್ಕೆ ಬರುತ್ತವೆ. ಎರಡೂ ಅಕ್ಷರಶಃ ಸತ್ಯವಾಗಿದ್ದು, ವಾಲ್ಯೂಮ್ ಗುಂಡಿಯನ್ನು ಯಾವ ಕಡೆ ತಿರುಗಿಸಿದರೂ ಒಬ್ಬರಿಗೆ ಅನ್ಯಾಯವಾಗುತ್ತದೆ. ಪರಿಹಾರವು ಗುಂಡಿಯಲ್ಲಿಲ್ಲ, ಸ್ಟ್ಯಾಂಡಿನಲ್ಲಿದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆಯನ್ನು ಏರಿಸಿ, ಹಾರ್ನ್ ಕುಳಿತವರ ತಲೆಗಳಿಗಿಂತ ಸಾಕಷ್ಟು ಮೇಲಿರುವಂತೆ ಮಾಡಿ, ಮುಖವನ್ನು ಹಿಂದಿನ ಸಾಲುಗಳ ಕಡೆಗೆ ತಿರುಗಿಸಿದರೆ, ಮುಂದಿನವರಿಗೂ ಸ್ಪೀಕರಿಗೂ ನಡುವಿನ ದೂರ ಹೆಚ್ಚುವುದಲ್ಲದೆ ಹಾರ್ನಿನ ನೇರ ಧಾರೆ ಅವರ ತಲೆಯ ಮೇಲಿಂದ ಸಾಗುತ್ತದೆ. ಹದಿನೆಂಟು ಇಪ್ಪತ್ತು ಕಿಲೊ ತೂಗುವ ಪೆಟ್ಟಿಗೆ ಎತ್ತರದಲ್ಲಿ ನಿಂತಾಗ ಕಾಲುಗಳನ್ನು ಪೂರ್ತಿ ಅಗಲಿಸಿ, ಬುಡಕ್ಕೆ ಭಾರ ಇಡುವುದು ಕಡ್ಡಾಯ. ವೃತ್ತಿಪರರು ಇದಕ್ಕೆ ಮರಳಿನ ಚೀಲ ಬಳಸುತ್ತಾರೆ. ಕನ್ನಡ ಕೂಟಗಳಲ್ಲಿ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಅದೇ ಕೆಲಸವನ್ನು ಮಾಡಿ, ರಾತ್ರಿ ಅಡುಗೆಮನೆಗೆ ಮರಳುತ್ತದೆ.

ಮುಂದಿನ ಅಧ್ಯಾಯ ಬೆನ್ನಿನ ಗುಂಡಿಗಳದ್ದು. ಮೈಕಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟುಗಳಷ್ಟು ದುರ್ಬಲ, ಹಲವು ಸಂಕೇತಗಳನ್ನು ಬೆರೆಸುವ ಮಿಕ್ಸರಿನಿಂದ ಬರುವುದು ಸುಮಾರು ಒಂದು ವೋಲ್ಟ್; ಈ ಭೇದಕ್ಕಾಗಿಯೇ ಪೆಟ್ಟಿಗೆಯ ಹಿಂದೆ ‘ಮೈಕ್’ ಮತ್ತು ‘ಲೈನ್’ ಎಂಬ ಎರಡು ಸ್ಥಾನಗಳ ಸ್ವಿಚ್ ಇರುತ್ತದೆ. ಮಿಕ್ಸರನ್ನು ಜೋಡಿಸಿ ಸ್ವಿಚ್ಚನ್ನು ಮೈಕ್ ಸ್ಥಾನದಲ್ಲೇ ಬಿಟ್ಟರೆ ಸುಗಮ ಸಂಗೀತವೂ ಜಲ್ಲಿ ಕ್ರಷರಿನ ಸಮೀಪಕ್ಕೆ ಬರುತ್ತದೆ. ಆದರೆ ಹೊರನಾಡಿನ ಅತಿ ವಿಶಿಷ್ಟ ಅವಘಡ ಇದಲ್ಲ, ಲ್ಯಾಪ್‌ಟಾಪಿನದು. ಮಕ್ಕಳ ನೃತ್ಯದ ಹಾಡನ್ನು ನುಡಿಸಲು ಯಾವನೋ ಒಬ್ಬ ತಂದೆ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ನೇರವಾಗಿ ಸ್ಪೀಕರಿಗೆ ಒಂದು ವೈರು ಎಳೆದಾಗ ತಬಲಾ, ಪಿಟೀಲು, ಗೆಜ್ಜೆ ಎಲ್ಲವೂ ಕೇಳಿ, ಗಾಯಕನ ಕಂಠವೊಂದೇ ಮಾಯವಾಗುತ್ತದೆ. ಹೆಡ್‌ಫೋನ್ ತೂತು ಎಡ ಮತ್ತು ಬಲ ಎಂಬ ಎರಡು ಸಂಕೇತಗಳನ್ನು ಕೊಡುತ್ತದೆ. ಸ್ಪೀಕರಿನ ಬ್ಯಾಲೆನ್ಸ್ಡ್ ಒಳದಾರಿಯಾದರೋ, ಗದ್ದಲವನ್ನು ತೊಡೆದುಹಾಕುವ ಸದುದ್ದೇಶದಿಂದ, ತನಗೆ ಬಂದ ಎರಡು ಸಂಕೇತಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆಯುವಂತೆ ರಚನೆಗೊಂಡಿದೆ. ಧ್ವನಿಮುದ್ರಣದಲ್ಲಿ ಕಂಠವು ಸಾಮಾನ್ಯವಾಗಿ ನಟ್ಟನಡುವೆ, ಅಂದರೆ ಎಡದಲ್ಲೂ ಬಲದಲ್ಲೂ ಸಮನಾಗಿ ಇರುವುದರಿಂದ, ಸಮದಿಂದ ಸಮವನ್ನು ಕಳೆದು ಶೂನ್ಯ ಉಳಿಯುತ್ತದೆ. ಎಡಬಲಗಳನ್ನು ಬೇರೆ ಮಾಡುವ ಕವಲು ವೈರಿನಿಂದ ಮಿಕ್ಸರಿನ ಎರಡು ದಾರಿಗಳಿಗೆ ಜೋಡಿಸುವುದೇ ಪರಿಹಾರ. ಇದು ತಿಳಿಯುವವರೆಗೆ ಸಮಿತಿಯ ಹಿರಿಯರು ಗುಂಡಿಗಳನ್ನೆಲ್ಲ ತಿರುವುತ್ತ, “ಸಾಫ್ಟ್‌ವೇರ್ ಅಪ್‌ಡೇಟ್ ಆಗಿರ್ಬೇಕು” ಎಂದು ಅಭಿಪ್ರಾಯಪಡುತ್ತಾರೆ. ಅವರಲ್ಲಿ ಬಹುಪಾಲು ಜನ ಸಾಫ್ಟ್‌ವೇರ್‌ನವರೇ ಆಗಿರುವುದು ಇಲ್ಲಿ ಗಮನಾರ್ಹ.

ಹೊರನಾಡಿನಲ್ಲಿ ಶ್ರುತಿಯ ಸಮಸ್ಯೆಯೂ ಉಂಟು. ವಿದ್ಯುತ್ತಿನ ಅರ್ಥಿಂಗ್ ದಾರಿಗಳು ಎರಡು ಕಡೆಯಿಂದ ಕೂಡಿ ವೃತ್ತವಾದಾಗ ಸ್ಪೀಕರ್ ‘ಹುಂ’ ಎಂದು ಗುಂಯ್‌ಗುಡುತ್ತದೆ; ಆ ಗುಂಯ್‌ಗುಟ್ಟುವಿಕೆಯ ಶ್ರುತಿ ಆಯಾ ದೇಶದ ವಿದ್ಯುತ್ತಿನ ಕಂಪನಕ್ಕೆ ಅನುಗುಣವಾಗಿರುತ್ತದೆ. ಭಾರತದಲ್ಲಿ ಅದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ ಐವತ್ತು ಕಂಪನ. ಇದು ಹಾರ್ಮೋನಿಯಮ್ಮಿನ ಬಿಳಿ ಐದಕ್ಕಿಂತ ಕೊಂಚ ಮೇಲೆ, ಹಲವು ಗಾಯಕಿಯರು ಹಾಡುವ ಶ್ರುತಿಯ ಸುತ್ತಮುತ್ತ ಕೆಳಗಿನ ಸ್ಥಾಯಿಗಳಲ್ಲಿ ನಿಂತು, ತಂಬೂರಿಗೆ ನೆರವಾಗುವ ಭ್ರಮೆಯನ್ನಾದರೂ ಹುಟ್ಟಿಸುತ್ತದೆ. ಅಮೆರಿಕದಲ್ಲಿ ಅದು 60 ಹರ್ಟ್ಸ್. ಕಪ್ಪು ಐದು ಮತ್ತು ಬಿಳಿ ಏಳರ ಸರಿಸುಮಾರು ಮಧ್ಯದಲ್ಲಿ ಬೀಳುವ ಈ ಸ್ವರ ಹಾರ್ಮೋನಿಯಮ್ಮಿನಲ್ಲೇ ಇಲ್ಲ. ದೇಶ ಬಿಟ್ಟವರಿಗೆ ಗುಂಯ್‌ಗುಟ್ಟುವಿಕೆ ಕೂಡ ಅಪಶ್ರುತಿಯಲ್ಲೇ ದೊರೆಯುತ್ತದೆ. ಇದನ್ನು ನಿಲ್ಲಿಸಲು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿಯಲು ಸಲಹೆ ಕೊಡುವ ಭಾವಮೈದುನರು ಎಲ್ಲ ಊರಿನಲ್ಲೂ ಇದ್ದು, ಆ ಸಲಹೆ ಜೀವಕ್ಕೆ ಅಪಾಯಕಾರಿಯಾದುದರಿಂದ ಅದನ್ನು ನಯವಾಗಿ ತಳ್ಳಿಹಾಕಬೇಕು. ಮಿಕ್ಸರ್, ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲಕ್ಕೂ ಒಂದೇ ಕಡೆಯಿಂದ ವಿದ್ಯುತ್ ಕೊಡುವುದು ಸರಿಯಾದ ಮೊದಲ ಹೆಜ್ಜೆ.

ದುರದೃಷ್ಟವಶಾತ್ ಅದೇ ಕಡೆಯನ್ನು ಊಟದ ಸಮಿತಿಯೂ ಆರಿಸಿಕೊಂಡಿರುತ್ತದೆ. ಅಮೆರಿಕದ ಗೋಡೆಯ ವಿದ್ಯುತ್ತು 120 ವೋಲ್ಟಿನದು. 15 ಆಂಪಿಯರಿನ ದಾರಿಯೊಂದು ಹೆಚ್ಚೆಂದರೆ 1800 ವಾಟ್ ಹೊರಬಲ್ಲದು. ಸ್ಪೀಕರಿನ ಮೈಮೇಲೆ 2000 ವಾಟ್ ಎಂದು ಬರೆದಿದ್ದರೂ ಅದು ಕ್ಷಣಮಾತ್ರದ ಗರಿಷ್ಠದ ಲೆಕ್ಕವೇ ಹೊರತು ಭಾಷಣ, ಹಾಡುಗಳಿಗೆ ಅದು ಎಳೆಯುವುದು ಅದರ ಒಂದು ಸಣ್ಣ ಪಾಲು ಮಾತ್ರ. ಬಿಸಿಬೇಳೆಬಾತನ್ನು ಬಿಸಿಯಾಗಿಡುವ ವಾರ್ಮರ್ ಮತ್ತು ಕಾಫಿಯ ಪಾತ್ರೆಗಳಾದರೋ ಬರೆದಷ್ಟನ್ನೂ ನಿಷ್ಠೆಯಿಂದ ಎಳೆಯುತ್ತವೆ. ವೀಣಾವಾದನದ ನಡುವೆ ಬ್ರೇಕರ್ ಬಿದ್ದು ಸಭಾಂಗಣ ಮೂಕವಾದಾಗ ದೋಷ ಹೊರುವುದು ಸ್ಪೀಕರ್ ಮಾತ್ರ. ಬಿಸಿಬೇಳೆಬಾತಿನ ಮೇಲೆ ಆರೋಪ ಹೊರಿಸುವ ಧೈರ್ಯವನ್ನು ಯಾವ ಕಾರ್ಯಕಾರಿ ಸಮಿತಿಯೂ ತೋರುವುದಿಲ್ಲ.

ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಹೊಂದಿಸಿದ ಸದ್ದು ಸಂಜೆ ಹೊಂದುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ತುಂಬಿದ ಕುರ್ಚಿಗಳು, ಅಂದರೆ ಮೈಗಳು ಮತ್ತು ಸೀರೆ ಪಂಚೆಗಳು, ಮೇಲಿನ ಸ್ವರಗಳನ್ನು ಹೀರಿಕೊಂಡು ಪ್ರತಿಧ್ವನಿಯನ್ನು ತಗ್ಗಿಸುವುದರ ಜೊತೆಗೆ, ಅದೇ ಮೈಗಳು ತಮ್ಮದೇ ಗದ್ದಲವನ್ನೂ ಹೊರಡಿಸುತ್ತವೆ. ಸುತ್ತಲಿನ ಸದ್ದು ಏರಿದಂತೆ ಮನುಷ್ಯ ಅರಿವಿಲ್ಲದೆ ತನ್ನ ದನಿಯನ್ನೂ ಏರಿಸುತ್ತಾನೆಂದು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ತೋರಿಸಿದ್ದನು. ಹಿಂದಿನ ಸಾಲಿನಲ್ಲಿ ಮನೆಯ ಬಡ್ಡಿದರದ ಚರ್ಚೆ ನಡೆದಿರುವಾಗ ವಾಲ್ಯೂಮ್ ಏರಿಸಿದರೆ ಚರ್ಚೆಯೂ ಏರುತ್ತದೆ, ಕೊನೆಗೆ ಸ್ಪೀಕರಿನ ಮುಂಭಾಗದಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಇದಕ್ಕಿಂತ ಹೆಚ್ಚು ಕೊಡಲಾರೆನೆಂದು ಲಿಮಿಟರ್ ಎಂಬ ರಕ್ಷಕ ಸಾಧನ ಸೂಚಿಸುವ ಬಗೆ ಅದು. ಈ ಕಾರಣದಿಂದ ವಾಲ್ಯೂಮಿನ ನಿರ್ಧಾರವನ್ನು ಮಿಕ್ಸರಿನ ಬಳಿ ಕುಳಿತವನಿಗೆ ಬಿಡದೆ, ಸಭೆಯ ನಡುವೆ ಕುಳಿತ ಒಬ್ಬರ ಕಿವಿಗೆ ಒಪ್ಪಿಸುವುದು ಉತ್ತಮ. ಈಗಿನ ಹಲವು ಸ್ಪೀಕರ್‌ಗಳನ್ನು ಬ್ಲೂಟೂತ್ ಮೂಲಕ ಫೋನಿನಿಂದಲೇ ಹೊಂದಿಸಬಹುದಾದರೂ, ವ್ಯವಹಾರದಲ್ಲಿ ಸೌಂಡ್ ಅಂಕಲ್ ಅವರ ಪತ್ನಿಯ ಹುಬ್ಬು ಆ ಆ್ಯಪಿಗಿಂತ ಬೇಗ ಸಂಕೇತ ಕಳಿಸುತ್ತದೆ, ಅದರ ಬ್ಯಾಟರಿಯೂ ಮುಗಿಯುವುದಿಲ್ಲ. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿದು ಕಿರುಚಾಟಕ್ಕೆ ಆಹ್ವಾನ ಕೊಡುವ ನಿರೂಪಕನನ್ನು ದೂರದಿಂದಲೇ ತಿದ್ದಬಲ್ಲ ಶಕ್ತಿಯಂತೂ ಆ ಹುಬ್ಬಿಗೆ ಮಾತ್ರ ಇದೆ.

ಕಾರ್ಯಕ್ರಮ ಮುಗಿದಾಗ ಮೊದಲು ಸ್ಪೀಕರ್‌ಗಳನ್ನೂ ಅನಂತರ ಮಿಕ್ಸರನ್ನೂ ಆರಿಸಬೇಕು. ಹಚ್ಚುವಾಗ ಇದರ ವಿಲೋಮ ಕ್ರಮ. ಇಲ್ಲವಾದರೆ ‘ಢಬ್’ ಎಂಬ ಸದ್ದು ಸ್ಪೀಕರಿನ ಆಯುಷ್ಯವನ್ನೂ ಮಲಗಿದ ಕೂಸುಗಳ ನಿದ್ದೆಯನ್ನೂ ಒಟ್ಟಿಗೆ ಕೆಡಿಸುತ್ತದೆ. ಸಂಕ್ರಾಂತಿಯ ರಾತ್ರಿ ಪೆಟ್ಟಿಗೆಗಳನ್ನು ವ್ಯಾನಿನಲ್ಲೇ ಬಿಟ್ಟರೆ, ಹಿಮಗಟ್ಟಿದ ಯಂತ್ರವನ್ನು ಬೆಚ್ಚಗಿನ ಮನೆಗೆ ತಂದೊಡನೆ ಒಳಗೆ ನೀರು ಪಸೆಯುವುದರಿಂದ, ಅವು ರಾತ್ರಿಯೇ ಬೇಸ್‌ಮೆಂಟ್ ಸೇರುವುದು ಕ್ಷೇಮ. ಕೇಬಲ್‌ಗಳನ್ನು ಮೊಣಕೈಗೆ ಬಿಗಿಯಾಗಿ ಸುತ್ತಿದರೆ ಒಳಗಿನ ತಂತಿ ಮುರಿಯುತ್ತದೆ. ಸಡಿಲವಾದ ಬಳೆಗಳಾಗಿ ಸುತ್ತಬೇಕು, ಒಬ್ಬನೇ ಸುತ್ತಿದರೆ ಬಹಳ ಹೊತ್ತು ಹಿಡಿಯುತ್ತದೆ, ಶಾಲೆಯ ಕಾವಲುಗಾರ ಅಷ್ಟರಲ್ಲಿ ದೀಪ ಆರಿಸಲು ಬಂದಿರುತ್ತಾನೆ. ಆದುದರಿಂದ ಓದುಗರಲ್ಲಿ ವಿನಂತಿ ಇಷ್ಟೇ: ಮುಂದಿನ ಯುಗಾದಿಗೆ ಸೌಂಡ್ ಹೇಗಿತ್ತೆಂದು ಅಭಿಪ್ರಾಯ ಹೇಳಲು ವೇದಿಕೆಯ ಬಳಿ ಬರುವವರು ದಯವಿಟ್ಟು ಒಂದೊಂದು ಕೇಬಲ್ ಸುತ್ತುತ್ತ ಹೇಳಬೇಕು.